ಮೊದಲು ಅವೆರಡು, ಆಮೇಲೆ ಫೋನು

(ದಾವಣಗೆರೆಯ ಅಶೋಕ ರಸ್ತೆಗೆ ಹತ್ತಿರದ ಓಣಿಯಲ್ಲಿ ಮೊಬೈಲ್ ರಿಪೇರಿಯ ಸಣ್ಣ ಅಂಗಡಿ. ಮೇಜಿನ ಹಿಂದೆ ಅಂಗಡಿ ನಡೆಸುವ ಯುವತಿ. ಎದುರಿಗೆ ಹರಿಹರದಿಂದ ಬಂದ ಅವಳ ದೊಡ್ಡಪ್ಪ, ಅಲ್ಲಿನ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು. ಅವರ ಕೈಯಲ್ಲಿ ವೈರಿಲ್ಲದ ಇಯರ್‌ಬಡ್ಸ್ ಜೋಡಿ.)

— ಎರಡೂ ಒಟ್ಟಿಗೆ ಕೇಳ್ಸಲ್ಲವ್ವ. ಎಡಗಡೇದು ಹಾಡಿದ್ರೆ ಬಲಗಡೇದು ಸುಮ್ಕಾಗ್ತೈತೆ. ಬಲಗಡೇದು ಎಬ್ಬಿಸಿದ್ರೆ ಎಡಗಡೇದು ಬಾಯಿ ಮುಚ್ಚತೈತೆ. ನಮ್ಮೂರಾಗೆ ಒಂದು ಅಂಗಡೀಲಿ ತೋರಿಸ್ದೆ. ಇವಕ್ಕೆ ರಿಪೇರಿ ಅನ್ನೋದಿಲ್ಲ, ಹೊಸಾದು ತಗಳ್ರಿ ಅಂದ್ರು. ಆ ಮಾತು ನಂಗೆ ಒಪ್ಪಿಗೆ ಆಗಲಿಲ್ಲ. ಬಸ್ ಹತ್ತಿ ಬಂದೆ.

— ಒಳ್ಳೇದು ಮಾಡಿದ್ರಿ ದೊಡ್ಡಪ್ಪ. ನೀವು ಹೇಳಿದ್ದರಲ್ಲೇ ಅರ್ಧ ಉತ್ತರ ಇದೆ. ಎಡಗಡೆದೂ ಹಾಡುತ್ತೆ, ಬಲಗಡೆದೂ ಹಾಡುತ್ತೆ, ಜೊತೆಗೆ ಮಾತ್ರ ಹಾಡಲ್ಲ. ಅಂದ್ರೆ ಸ್ಪೀಕರ್ ಎರಡೂ ಚೆನ್ನಾಗಿವೆ, ಬ್ಯಾಟರಿ ಎರಡಕ್ಕೂ ಜೀವ ಇದೆ. ಅವೆರಡರ ನಡುವಿನ ಗುರುತು ಮಾತ್ರ ಅಳಿಸಿಹೋಗಿದೆ. ಫೋನ್ ಕೊಡ್ರಿ, ಬ್ಲೂಟೂತ್ ಪಟ್ಟಿ ನೋಡ್ತೀನಿ.

— ತಗ, ನೋಡು.

— ಇಲ್ಲಿ ನೋಡ್ರಿ. ಒಂದೇ ಹೆಸರು ಎರಡು ಸಲ ಬಂದಿದೆ. ಒಂದರ ಕೊನೆಗೆ ಎಲ್, ಇನ್ನೊಂದರ ಕೊನೆಗೆ ಆರ್. ಹೊಸದಾಗಿ ತಂದಾಗ ಒಂದೇ ಹೆಸರು ಇತ್ತಲ್ವಾ?

— ಒಂದೇ ಇತ್ತು. ದಸರಾ ರಜಕ್ಕೆ ಮೊಮ್ಮಗ ಬಂದಿದ್ದ. ಬಲಗಡೇದು ಒಂದನ್ನೇ ತಗಂಡು, ಮನೇಲಿ ಒಂದು ಹಳೇ ಫೋನ್ ಐತಲ್ಲ, ಅದಕ್ಕೂ ಹಾಕ್ಕಂಡು ಆಟ ಆಡ್ತಿದ್ದ. ಅವತ್ತಿಂದಾನೇ ಹಿಂಗೆ.

— ಅಲ್ಲಿಗೆ ತಿಳೀತು. ಬಲಗಡೆದು ಒಂಟಿಯಾಗಿ ಹೊರಗೆ ಬಂತು, ಪಕ್ಕದಲ್ಲಿ ಜೊತೆಗಾರ ಇರಲಿಲ್ಲ. ಅದು ತನ್ನ ಹೆಸರನ್ನ ತಾನೇ ಗಾಳಿಗೆ ಕೂಗ್ತು, ಫೋನನ್ನ ಹಿಡ್ಕೊಂಡಿತು. ಈಗ ನಿಮ್ಮ ಫೋನಿನ ಲೆಕ್ಕದಲ್ಲಿ ಇವು ಜೋಡಿ ಅಲ್ಲ, ಎರಡು ಬೇರೆ ಬೇರೆ ವಸ್ತು. ಎರಡಕ್ಕೂ ಬೇರೆ ಬೇರೆ ವಿಳಾಸ ಇದೆ. ಪ್ರತಿ ಬ್ಲೂಟೂತ್ ಸಾಮಾನಿಗೂ 48 ಬಿಟ್‌ನ ಒಂದು ನಂಬರ್ ಇರುತ್ತೆ, ಹನ್ನೆರಡು ಅಕ್ಷರ-ಅಂಕಿಯಾಗಿ ಬರೀತಾರೆ. ಎಡಗಡೆದಕ್ಕೊಂದು, ಬಲಗಡೆದಕ್ಕೊಂದು.

— ಆಗಲಿ, ಎರಡು ಬೇರೆ ಅಂತಾನೇ ಇಟ್ಕಳ್ಳಾನ. ಪಟ್ಟೀಲಿ ಎರಡೂ ಅದಾವೆ. ಫೋನು ಎರಡಕ್ಕೂ ಹಾಡು ಕಳಿಸಿದ್ರೆ ಆಗಲಿಲ್ವಾ?

— ಅಲ್ಲೇ ಇರೋದು ಗಂಟು. ನಾವು ಇಷ್ಟು ವರ್ಷ ಬಳಸ್ತಾ ಬಂದಿರೋ ಬ್ಲೂಟೂತಿನಲ್ಲಿ ಫೋನು ಹಾಡನ್ನ ಕಳಿಸೋದು ಒಂದೇ ಸಾಮಾನಿಗೆ. ಎಡ-ಬಲ ಎರಡೂ ಸದ್ದು ಒಂದೇ ಹೊಳೆಯಾಗಿ ಹರಿದು ಒಂದೇ ಕಡೆ ಇಳೀಬೇಕು. ಕೆಲವು ಫೋನಿನಲ್ಲಿ ಎರಡು ಕಡೆ ಕಳಿಸೋ ಅನುಕೂಲ ಇದೆ, ಆದ್ರೆ ಅದು ಇಬ್ಬರು ಬೇರೆ ಬೇರೆ ಹೆಡ್‌ಫೋನಿನಲ್ಲಿ ಒಂದೇ ಸಿನಿಮಾ ಕೇಳೋಕೆ. ಒಬ್ಬರದೇ ಎರಡು ಕಿವಿಗೆ ಅದು ಸಾಲಲ್ಲ.

— ಯಾಕೆ ಸಾಲಲ್ಲ?

— ಕಿವಿ ಬಹಳ ಸೂಕ್ಷ್ಮ ದೊಡ್ಡಪ್ಪ. ಎಡಗಡೆ ಯಾರೋ ಕೂಗಿದ್ರೆ ಆ ಸದ್ದು ಎಡಗಿವಿಗೆ ಮೊದಲು, ಬಲಗಿವಿಗೆ ಆಮೇಲೆ ಮುಟ್ಟುತ್ತೆ. ಆ ಅಂತರ ಒಂದು ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತ ಕಡಿಮೆ. ಅಷ್ಟರಲ್ಲೇ ಕೂಗು ಯಾವ ದಿಕ್ಕಿನದು ಅಂತ ತಲೆ ಹೇಳಿಬಿಡುತ್ತೆ. ಹಂಗಾಗಿ ಎಡ-ಬಲ ಬಡ್ಸ್ ಒಂದಕ್ಕೊಂದು ಅಷ್ಟು ಕರಾರುವಾಕ್ಕಾಗಿ ಹೊಂದಿಕೊಂಡು ಹಾಡಬೇಕು. ಫೋನು ಎರಡು ಕಡೆ ಬೇರೆ ಬೇರೆ ಕಳಿಸಿದ್ರೆ ಒಂದು ಮುಂದೆ ಒಂದು ಹಿಂದೆ ಆಗಿ ಹಾಡು ತಲೆ ಒಳಗೆ ಓಲಾಡುತ್ತೆ.

— ಹಂಗಾದ್ರೆ ಹೊಸದಿದ್ದಾಗ ಎರಡನೇದಕ್ಕೆ ಹೆಂಗೆ ಕೇಳಿಸ್ತಿತ್ತು?

— ಎರಡು ದಾರಿ ಇವೆ. ಹಳೇ ದಾರೀಲಿ ಒಂದು ಬಡ್ ಮುಖ್ಯ. ಫೋನಿಂದ ಹಾಡು ಅದಕ್ಕೆ ಬರುತ್ತೆ, ಅದು ತನ್ನ ಪಾಲು ಇಟ್ಕೊಂಡು ಉಳಿದಿದ್ದನ್ನ ಇನ್ನೊಂದಕ್ಕೆ ದಾಟಿಸುತ್ತೆ. ಇದರಲ್ಲಿ ಒಂದು ತೊಂದರೆ. ಇವು ಮಾತಾಡೋ ಅಲೆ 2.4 ಗಿಗಾಹರ್ಟ್ಸ್ ಆಸುಪಾಸಿನದು. ಆ ಅಲೆಯನ್ನ ನೀರು ಚೆನ್ನಾಗಿ ಹೀರುತ್ತೆ, ತಲೆ ತುಂಬಾ ನೀರಿನ ಅಂಶಾನೇ. ಈ ಕಿವಿಯಿಂದ ಆ ಕಿವಿಗೆ ನೇರ ದಾಟೋಕೆ ತಲೇನೇ ಅಡ್ಡ. ಮುಖ್ಯವಾದದ್ದಕ್ಕೆ ಕೆಲಸ ಜಾಸ್ತಿ, ಹಂಗಾಗಿ ಅದರ ಬ್ಯಾಟರಿ ಬೇಗ ಇಳಿಯುತ್ತೆ. ಆಮೇಲೆ ಎರಡನೇ ದಾರಿ ಬಂತು. ಫೋನು ಮಾತಾಡೋದು ಮುಖ್ಯವಾದದ್ದರ ಜೊತೆಗೇ, ಆದ್ರೆ ಎರಡನೇದೂ ಅದೇ ಮಾತನ್ನ ಗಾಳಿಯಿಂದ ನೇರ ಆಲಿಸ್ಕೊಳ್ಳುತ್ತೆ. ದಾಟಿಸೋ ಕೆಲಸ ಇಲ್ಲ.

— ಒಬ್ರ ಮಾತು ಇನ್ನೊಬ್ರು ಕೇಳ್ಬೋದು ಅಂದಮೇಲೆ ನಿನ್ನ ಅಂಗಡೀಲಿ ಇಷ್ಟು ಫೋನ್ ಅದಾವಲ್ಲ, ಇದರ ಹಾಡು ಅದಕ್ಕೆ ಯಾಕೆ ಹೋಗಲ್ಲ?

— ಅವು ಒಂದೇ ಚಾನೆಲ್ಲಿನಲ್ಲಿ ನಿಂತು ಮಾತಾಡಲ್ಲ. 2402ರಿಂದ 2480 ಮೆಗಾಹರ್ಟ್ಸ್‌ವರೆಗೆ 79 ಚಾನೆಲ್. ಸೆಕೆಂಡಿಗೆ 1600 ಸಲ ಒಂದರಿಂದ ಇನ್ನೊಂದಕ್ಕೆ ಜಿಗೀತಾ ಇರ್ತವೆ. ಯಾವಾಗ ಎಲ್ಲಿಗೆ ಜಿಗೀಬೇಕು ಅನ್ನೋ ಲೆಕ್ಕ ಫೋನಿನ ವಿಳಾಸ, ಫೋನಿನ ಗಡಿಯಾರ ಇವೆರಡರಿಂದ ಹುಟ್ಟುತ್ತೆ. ಲೆಕ್ಕ ಗೊತ್ತಿಲ್ಲದವರಿಗೆ ಬರೀ ಚೂರುಪಾರು ಸಿಗುತ್ತೆ. ಅದರ ಮೇಲೆ ಮಾತಿಗೆ ಬೀಗ ಬೇರೆ, 128 ಬಿಟ್‌ನ ಕೀಲಿ. ಹಿಂಗೆ ಜಿಗೀತಾ ಮಾತಾಡೋ ಯೋಚನೆ ಹಳೇದು. ಹೆಡಿ ಲಮಾರ್ ಅಂತ ಹಾಲಿವುಡ್ ನಟಿ ಇದ್ದಳು. ಅವಳೂ ಜಾರ್ಜ್ ಆಂಥೈಲ್ ಅನ್ನೋ ಸಂಗೀತಗಾರನೂ ಸೇರಿ 1942ರಲ್ಲಿ ಇದೇ ಬಗೆಯದಕ್ಕೆ ಪೇಟೆಂಟ್ ಪಡೆದ್ರು. ಸಮುದ್ರದಲ್ಲಿ ಹೋಗೋ ಟಾರ್ಪಿಡೊವನ್ನ ಶತ್ರು ದಾರಿ ತಪ್ಪಿಸದಂಗೆ ನಡೆಸೋಕೆ. ತಾನೇ ನುಡಿಯೋ ಪಿಯಾನೊಗೆ ತೂತು ಹೊಡೆದ ಕಾಗದದ ಸುರುಳಿ ಇರ್ತಿತ್ತಲ್ಲ, ಅಂಥದ್ದನ್ನೇ ಎರಡು ಕಡೇನೂ ಒಟ್ಟಿಗೆ ಓಡಿಸಿ ಜಿಗಿಸೋದು. ಪಿಯಾನೊದ 88 ಮಣೆಯಂಗೆ 88 ಜಾಗ.

— ಭಲೇ. ಎರಡು ಸುರುಳೀನೂ ಒಂದೇ ತೂತಿಂದ ಶುರುವಾಗಬೇಕು, ಇಲ್ಲಾಂದ್ರೆ ಕೆಟ್ಟಂಗೆ.

— ಅದನ್ನೇ ನಾನು ಹೇಳೋಕೆ ಹೊರಟಿದ್ದು. ನಿಮ್ಮ ಎರಡನೇ ಬಡ್ ಫೋನಿನ ಮಾತು ಆಲಿಸಬೇಕು ಅಂದ್ರೆ ಅದಕ್ಕೆ ಜಿಗಿತದ ಲೆಕ್ಕ ಬೇಕು, ಕೀಲಿ ಬೇಕು. ಅದನ್ನ ಹೇಳಿಕೊಡೋದು ಮೊದಲನೇ ಬಡ್ಡು. ಅವೆರಡರ ನಡುವೆ ಪರಿಚಯಾನೇ ಇಲ್ಲದಿದ್ರೆ ಹೇಳಿಕೊಡೋರು ಯಾರು? ಜನ ಏನ್ ಮಾಡ್ತಾರೆ ಅಂದ್ರೆ ಒಂದು ಕಿವಿ ಸುಮ್ನಾದ ತಕ್ಷಣ ಫೋನ್ ಹಿಡ್ಕೊಂಡು ಎಲ್ ಒತ್ತುತಾರೆ, ಆರ್ ಒತ್ತುತಾರೆ, ಬ್ಲೂಟೂತ್ ಆಫ್ ಆನ್ ಮಾಡ್ತಾರೆ. ಫೋನಿನ ಕಡೆಯಿಂದ ಎಷ್ಟು ಒತ್ತಿದ್ರೂ ಈ ಪರಿಚಯ ಆಗಲ್ಲ. ಒತ್ತಿದಷ್ಟೂ ಎರಡೂ ದೂರ ಆಗ್ತಾವೆ.

— ಲೇತ್ ಸೆಟ್ ಮಾಡೋವಾಗ ನಾವು ಹುಡುಗರಿಗೆ ಮೊದಲು ಹೇಳಿಕೊಡ್ತಿದ್ದದ್ದು ಇದೇ. ಹೆಡ್‌ಸ್ಟಾಕ್ ಸೆಂಟರು, ಟೈಲ್‌ಸ್ಟಾಕ್ ಸೆಂಟರು ಇವೆರಡೂ ಒಂದೇ ಗೆರೇಲಿ ಕೂಡ್ರಬೇಕು. ಅದನ್ನ ನೋಡ್ಕಂಡು ಆಮೇಲೆ ನಡುವೆ ಜಾಬ್ ಏರಿಸಬೇಕು. ಟೈಲ್‌ಸ್ಟಾಕ್ ಒಂದು ಕೂದಲೆಳೆ ಸರಿದಿದ್ರೂ ಜಾಬ್ ಟೇಪರ್ ಬರ್ತೈತೆ, ಒಂದು ತುದಿ ದಪ್ಪ, ಒಂದು ತುದಿ ಸಣ್ಣ. ಹೊಸ ಹುಡುಗರು ಟೂಲು ಬದಲಾಯಿಸೋರು, ಸ್ಪೀಡು ಬದಲಾಯಿಸೋರು. ಟೇಪರ್ ಹಂಗೇ ಇರ್ತಿತ್ತು.

— ಅಷ್ಟೇ ದೊಡ್ಡಪ್ಪ. ಮೊದಲು ಅವೆರಡು, ಆಮೇಲೆ ಫೋನು. ಕೇಸ್ ಕೊಡ್ರಿ. ರೀಸೆಟ್ ಮಾಡೋಕೆ ಮುಂಚೆ ಇನ್ನೊಂದು ನೋಡಬೇಕು. ಬಲಗಡೆದನ್ನ ಕೇಸಿನಲ್ಲಿ ಇಟ್ರೆ ಲೈಟ್ ಬರ್ತಿದೆಯಾ?

— ಒತ್ತಿ ಹಿಡಿದ್ರೆ ಬರ್ತೈತೆ, ಬಿಟ್ರೆ ಹೋಗ್ತೈತೆ.

— ಇದು ಮೊದಲು ಸರಿಯಾಗಬೇಕು. ಈ ಭೂತಗನ್ನಡಿ ಹಿಡ್ಕೊಂಡು ನೋಡ್ರಿ. ಬಡ್ಡಿನ ಹೊಟ್ಟೆ ಮೇಲೆ ಎರಡು ಚುಕ್ಕಿ ಇವೆ, ಕೇಸಿನ ಗುಂಡಿಯೊಳಗೆ ಎರಡು ಸ್ಪ್ರಿಂಗ್ ಪಿನ್ ಇವೆ. ಅವೆರಡರ ಮಧ್ಯೆ ಕಂದು ಪೊರೆ ಕಾಣುತ್ತಾ? ಕಿವಿಯ ಗುಗ್ಗೆ, ಬೆವರು, ಧೂಳು ಸೇರಿ ಕಟ್ಟಿರೋದು. ಇದರಿಂದ ಚಾರ್ಜ್ ಆಗಲ್ಲ ಅನ್ನೋದು ಎಲ್ಲರಿಗೂ ಗೊತ್ತು. ಇನ್ನೊಂದು ಗೊತ್ತಿಲ್ಲ. ಬಡ್ಡು ತಾನು ಕೇಸಿನ ಒಳಗೆ ಇದೀನೋ ಹೊರಗೆ ಇದೀನೋ ಅಂತ ತಿಳ್ಕೊಳ್ಳೋದೂ ಬಹಳ ಮಾದರಿಗಳಲ್ಲಿ ಈ ಪಿನ್ನಿನಿಂದಾನೇ. ಪಿನ್ ತಾಕದೇ ಹೋದ್ರೆ ಮುಚ್ಚಳ ಹಾಕಿದ ಮೇಲೂ ಅದು ಎದ್ದೇ ಇರುತ್ತೆ, ಫೋನಿಗೆ ಅಂಟಿಕೊಂಡೇ ಇರುತ್ತೆ. ನೀವು ಎಡಗಡೆದನ್ನ ತೆಗೆಯೋ ಹೊತ್ತಿಗೆ ಬಲಗಡೆದು ಆಗಲೇ ಫೋನನ್ನ ಹಿಡ್ಕೊಂಡಿರುತ್ತೆ. ಆಮೇಲೆ ಬ್ಯಾಟರಿ ಮುಗಿದು ಮಲಗಿಬಿಡುತ್ತೆ.

— ಪೂರಾ ದಿನ ಕೇಸಿನಾಗೇ ಇಟ್ಟಿದ್ರೂ ಬಲಗಡೇದು ಖಾಲಿ ಆಗಿರ್ತಿತ್ತು. ನಾನು ಬ್ಯಾಟರಿ ಹೋಯ್ತು ಅಂತಿದ್ದೆ.

— ಹತ್ತಿಗೆ ಒಂದು ಹನಿ ಐಪಿಎ, ಅಂದ್ರೆ ಐಸೊಪ್ರೊಪೈಲ್ ಆಲ್ಕೋಹಾಲ್, ಹಾಕ್ಕೊಂಡು ಒರೆಸ್ತೀನಿ. ಮನೇಲಿ ಐಪಿಎ ಇಲ್ಲದಿದ್ರೆ ಒಣ ಹತ್ತಿ, ಮೆತ್ತನೆ ಹಳೇ ಟೂತ್‌ಬ್ರಷ್ ಸಾಕು. ನೀರು ಬೇಡ, ಸೂಜಿ ಬೇಡ, ಬ್ಲೇಡಿನಲ್ಲಿ ಕೆರೆಯೋದು ಬೇಡವೇ ಬೇಡ. ಪಿನ್ನಿನ ಮೇಲಿನ ತೆಳು ಲೇಪ ಹೋದ್ರೆ ಆಮೇಲೆ ಬೇಗ ಕಿಲುಬು ಹಿಡಿಯುತ್ತೆ. ಜಾಲರಿ ಒರೆಸೋವಾಗ ಬಡ್ಡನ್ನ ಕೆಳಮುಖ ಹಿಡೀಬೇಕು, ಉದುರಿದ್ದು ಒಳಗೆ ಹೋಗದಂಗೆ. ಈಗ ನೋಡ್ರಿ, ಒತ್ತದೇನೇ ಲೈಟ್ ಬಂತು. ಇದು ತುಂಬೋವರೆಗೂ ರೀಸೆಟ್‌ಗೆ ಕೈ ಹಾಕೋದು ಬೇಡ. ಒಂದರಲ್ಲಿ ಚಾರ್ಜ್ ಇದ್ದು ಇನ್ನೊಂದರಲ್ಲಿ ಇಲ್ಲದೇ ರೀಸೆಟ್ ಮಾಡಿದ್ರೆ ಮತ್ತೆ ಒಂಟಿ ಆಗ್ತಾವೆ. ಕೂತ್ಕೊಳ್ರಿ, ಟೀ ಹೇಳ್ತೀನಿ.

— ಸಕ್ಕರೆ ಕಮ್ಮಿ ಹಾಕಾಕೆ ಹೇಳು. ಒಂದು ಕೇಳ್ತೀನಿ. ನೀನು ಇಲ್ಲೀತಂಕ ಒಂದು ಸ್ಕ್ರೂ ಬಿಚ್ಚಿಲ್ಲ. ಇದನ್ನ ಬಿಚ್ಚಾಕೆ ಬರಲ್ವಾ?

— ಬಿಚ್ಚೋಕೆ ಸ್ಕ್ರೂನೇ ಇಲ್ಲ. ಎರಡು ಚಿಪ್ಪನ್ನ ಅಂಟು ಹಾಕಿ ಮುಚ್ಚಿದ್ದಾರೆ. ಕಾಯಿಸಿ, ತೆಳು ಬ್ಲೇಡ್ ತೂರಿಸಿ ಬಿಡಿಸಬಹುದು. ಮತ್ತೆ ಮುಚ್ಚಿದಾಗ ಮೊದಲಿನಂಗೆ ಕೂಡಲ್ಲ, ಬೆವರು ಒಳಗೆ ಹೋಗುತ್ತೆ. 2016ರ ಡಿಸೆಂಬರ್‌ನಲ್ಲಿ ಆಪಲ್ ಕಂಪನಿ ಏರ್‌ಪಾಡ್ಸ್ ಮಾರೋಕೆ ತಂತು. ಅದಕ್ಕೂ ಮುಂಚೆ 2015ರಲ್ಲೇ ಜಪಾನಿನ ಆಂಕ್ಯೊ ವೈರೇ ಇಲ್ಲದ ಜೋಡಿ ತಂದಿತ್ತು, ಆದ್ರೆ ಜನ ಹುಚ್ಚೆದ್ದು ಕೊಂಡಿದ್ದು ಏರ್‌ಪಾಡ್ಸ್ ಬಂದ ಮೇಲೆ. ಐಫಿಕ್ಸಿಟ್ ಅಂತ ಅಮೆರಿಕದವರು ಎಲ್ಲಾ ಸಾಮಾನು ಬಿಚ್ಚಿ ನೋಡಿ ರಿಪೇರಿಗೆ ಎಷ್ಟು ಒಗ್ಗುತ್ತೆ ಅಂತ ಹತ್ತಕ್ಕೆ ಇಷ್ಟು ಅಂತ ಮಾರ್ಕ್ಸ್ ಕೊಡ್ತಾರೆ. ಏರ್‌ಪಾಡ್ಸ್‌ಗೆ ಕೊಟ್ಟಿದ್ದು ಸೊನ್ನೆ. ಅಗ್ಗದವೂ ಅದೇ ಮಾದರಿ ಹಿಡಿದ್ವು.

— ಸೊನ್ನೆ ಬಂದ ಮಾಲನ್ನ ಮಾರಾಕೆ ಹೆಂಗೆ ಮನಸ್ಸು ಬರ್ತೈತೆ? ನಮ್ಮ ಕಾರ್ಖಾನೆ 1941ರಲ್ಲಿ ಶುರುವಾಗಿದ್ದು. ಅದು ಮುಚ್ಚಿ ಇಪ್ಪತ್ತು ವರ್ಷದ ಮೇಲಾಯ್ತು. ಆದ್ರೂ ನಾವು ಮಾಡಿದ ಎಂಟರ್‌ಪ್ರೈಸ್ ಲೇತು ಇವತ್ತಿಗೂ ಓಡ್ತಾ ಅದಾವೆ. ಐಟಿಐಗಳಲ್ಲಿ, ಸಣ್ಣ ವರ್ಕ್‌ಶಾಪುಗಳಲ್ಲಿ ಹೋಗಿ ನೋಡು. ಗೇರು ಸವೆದ್ರೆ ಗೇರು ಮಾತ್ರ ಬದಲು. ಹಾಫ್ ನಟ್ ಸವೆದ್ರೆ ಹಾಫ್ ನಟ್. ಮಷೀನ್ ಜೊತೆಗೆ ಪುಸ್ತಕ ಹೋಗ್ತಿತ್ತು. ಅದರಾಗೆ ಪ್ರತಿ ಭಾಗದ ಚಿತ್ರ, ಪ್ರತಿ ಭಾಗಕ್ಕೊಂದು ನಂಬರು. ಕಂಪನಿ ಇಲ್ಲದಿದ್ರೂ ಆ ಚಿತ್ರ ನೋಡ್ಕಂಡು ಊರಿನ ಟರ್ನರ್ರು ಭಾಗ ಮಾಡಿಕೊಡ್ತಾನೆ. ಮಾಡಿದೋನು ಹೋದಮೇಲೂ ವಸ್ತು ಬದುಕಬೇಕು ಅಂದ್ರೆ ಇದು ಬೇಕವ್ವ.

— ನಂಗೂ ಅದೇ ಸಂಕಟ. ಈ ಬಡ್ಡಿನ ಬ್ಯಾಟರಿ ಮೂವತ್ತು, ನಲವತ್ತು, ಐವತ್ತು ಮಿಲಿಆಂಪ್-ಅವರ್ ಇರುತ್ತೆ ಅಷ್ಟೇ. ಫೋನಿಂದು ಐದು ಸಾವಿರ. ಅಷ್ಟು ಚಿಕ್ಕದನ್ನ ದಿನಕ್ಕೆ ಎರಡು ಮೂರು ಸಲ ತುಂಬಿಸಿ ಖಾಲಿ ಮಾಡ್ತೀವಿ. ಲಿಥಿಯಂ ಬ್ಯಾಟರಿ ಕೆಲವು ನೂರು ಸಲ ಹಂಗೆ ಮಾಡಿದ ಮೇಲೆ ಸೊರಗುತ್ತೆ. ಚಿಪ್ ಚೆನ್ನಾಗಿರುತ್ತೆ, ಸ್ಪೀಕರ್ ಚೆನ್ನಾಗಿರುತ್ತೆ, ಗುಂಡಿಯಷ್ಟು ಬ್ಯಾಟರಿಗಾಗಿ ಎಲ್ಲಾ ಕಸಕ್ಕೆ. ಮಾಡೋಕೆ ಬರಲ್ಲ ಅಂತಲ್ಲ. 2024ರಲ್ಲಿ ಫೇರ್‌ಫೋನ್ ಅನ್ನೋ ಡಚ್ ಕಂಪನಿ ಫೇರ್‌ಬಡ್ಸ್ ತಂತು, ಅದರಲ್ಲಿ ಬಡ್ಡಿನ ಬ್ಯಾಟರೀನ ಮನೆಯಲ್ಲೇ ತೆಗೆದು ಹಾಕಬಹುದು. ಯುರೋಪಿನಲ್ಲಿ 2023ರ ಬ್ಯಾಟರಿ ಕಾಯ್ದೆ ಬಂದಿದೆ. ಸಣ್ಣ ಸಾಮಾನುಗಳ ಬ್ಯಾಟರೀನ ಬಳಸೋರೇ ಬದಲಾಯಿಸೋ ಹಂಗೆ ಇರಬೇಕು ಅನ್ನೋ ನಿಯಮ 2027ರ ಫೆಬ್ರವರಿ 18ರಿಂದ.

— ನಮ್ಮಲ್ಲಿ?

— 2022ರ ಜುಲೈನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ ರಿಪೇರಿಯ ಹಕ್ಕಿನ ಬಗ್ಗೆ ಒಂದು ಸಮಿತಿ ಮಾಡ್ತು. ಅದೇ ವರ್ಷ ಡಿಸೆಂಬರ್ 24ಕ್ಕೆ, ಗ್ರಾಹಕರ ದಿನದಂದು, ಒಂದು ಪೋರ್ಟಲ್ ತೆರೆದ್ರು. ಕಂಪನಿಗಳು ರಿಪೇರಿ ಮಾಹಿತಿ, ಸರ್ವಿಸ್ ಸೆಂಟರ್ ವಿವರ ಅಲ್ಲಿ ಹಾಕಬೇಕು ಅನ್ನೋದು ಉದ್ದೇಶ. ನಂಗೆ ಬೇಕಾಗಿರೋದು ಅದಕ್ಕಿಂತ ಸಣ್ಣದು ದೊಡ್ಡಪ್ಪ. ರೀಸೆಟ್ ಮಾಡೋದು ಹೆಂಗೆ ಅನ್ನೋದನ್ನ ಕೇಸಿನ ಮುಚ್ಚಳದ ಒಳಗೆ ನಾಲ್ಕು ಸಾಲು ಕನ್ನಡದಲ್ಲಿ ಅಚ್ಚು ಹಾಕಿದ್ರೆ ನನ್ನ ಮೇಜಿಗೆ ಬರೋ ಎಷ್ಟೋ ಜೋಡಿ ಬರೋದೇ ಬೇಡ. ಡಬ್ಬದ ಜೊತೆ ಚೀಟಿ ಇರುತ್ತೆ. ಅಕ್ಷರ ಸಾಸಿವೆಯಷ್ಟು, ಅದೂ ಇಂಗ್ಲಿಷಿನಲ್ಲಿ. ಯಾರೂ ಇಟ್ಕೊಂಡಿರಲ್ಲ.

— ನಿಂಗೆ ಗಿರಾಕಿ ಕಮ್ಮಿ ಆಗ್ತಾರಲ್ಲ?

— ಆಗಲಿ. ಡಿಸ್‌ಪ್ಲೇ ಇದೆ, ಚಾರ್ಜಿಂಗ್ ಪೋರ್ಟ್ ಇದೆ, ಕೈ ತುಂಬಾ ಕೆಲಸ ಇದೆ. ಚೆನ್ನಾಗಿರೋ ಸಾಮಾನನ್ನ ಜನ ಎಸೆಯೋದು ನೋಡೋಕೆ ಆಗಲ್ಲ. ಕಳೆದ ದುಗ್ಗಮ್ಮನ ಜಾತ್ರೆ ಆದಮೇಲೆ ಒಬ್ಬ ಹುಡುಗ ಬಂದಿದ್ದ. ಜಾತ್ರೆ ಗದ್ದಲದಲ್ಲಿ ಬಲಗಡೆದು ಬಿದ್ದುಹೋಗಿದೆ. ಅವನ ಗೆಳೆಯನ ಹತ್ತಿರ ಅದೇ ಮಾದರಿಯದು, ಎಡಗಡೆದು ನೀರಿಗೆ ಬಿದ್ದು ಸತ್ತಿದೆ. ಇವನ ಎಡ, ಅವನ ಬಲ. ಎರಡನ್ನೂ ಒಂದೇ ಕೇಸಿನಲ್ಲಿಟ್ಟು ಒಟ್ಟಿಗೆ ರೀಸೆಟ್ ಮಾಡಿದೆ, ಕೂಡಿಕೊಂಡ್ವು. ಎಲ್ಲಾ ಸಲ ಹಂಗಾಗಲ್ಲ. ಹೆಸರು ಒಂದೇ ಇದ್ರೂ ಒಳಗಿನ ಸಾಫ್ಟ್‌ವೇರ್ ಬೇರೆ ಇದ್ರೆ ಕೂಡಲ್ಲ. ಮಾದರಿ ಬೇರೆ ಇದ್ರಂತೂ ಪ್ರಯತ್ನ ಮಾಡೋದೇ ವ್ಯರ್ಥ. ಕೆಲವು ಕಂಪನಿಯವು ತಮ್ಮ ಆಪ್ ಮೂಲಕ ಮಾತ್ರ ಹೊಸ ಜೊತೆಗಾರನ್ನ ಒಪ್ತಾವೆ. ಫುಟ್‌ಪಾತ್ ಮೇಲೆ ಮಾರೋ ತೀರಾ ಅಗ್ಗದವುಗಳಲ್ಲಿ ರೀಸೆಟ್ಟೇ ಇಲ್ಲದವೂ ಇವೆ. ಅವನ್ನ ತಂದೋರಿಗೆ ಆಗಲ್ಲ ಅಂತ ಮೊದಲೇ ಹೇಳಿಬಿಡ್ತೀನಿ.

— ಸತ್ತವನ್ನ ಏನ್ ಮಾಡ್ತೀ?

— ಆ ಡಬ್ಬೀಲಿ ಹಾಕಿಡ್ತೀನಿ, ಇ-ತ್ಯಾಜ್ಯ ತಗೊಂಡು ಹೋಗೋರಿಗೆ ಕೊಡೋಕೆ. ಇ-ತ್ಯಾಜ್ಯದ ಹೊಸ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ, ತಯಾರಿಸಿದೋರ ಮೇಲೇ ಜವಾಬ್ದಾರಿ ಹಾಕಿದ್ದಾರೆ. ಮನೆ ಕಸದ ಗಾಡಿಗೆ ಹಾಕಬೇಡ್ರಿ. ಲಿಥಿಯಂ ಬ್ಯಾಟರಿ ಜಜ್ಜಿದ್ರೆ ಬೆಂಕಿ ಹಿಡಿಯುತ್ತೆ. ದೊಡ್ಡಪ್ಪ, ಒಂದು ಕೇಳ್ಲಾ? ಒಂದೇ ಕಿವೀಲಿ ಕೇಳ್ತಾ ಇರಬಹುದಿತ್ತಲ್ಲ. ಇಷ್ಟು ದೂರ ಬಂದ್ರಿ.

— ಹದಿನಾಲ್ಕು ಕಿಲೋಮೀಟ್ರು ದೂರಾನೇ ಅಲ್ಲ ಬಿಡು. ನಂಗೆ ಬಲಗಿವಿ ಮಂದ. ಮಷೀನ್ ಶಾಪಿನಾಗೆ ಅಷ್ಟು ವರ್ಷ ನಿಂತೋನು. ಅವಾಗ ಕಿವಿಗೆ ಹತ್ತಿ ಇಟ್ಕಂಡೋರನ್ನ ನೋಡಿ ನಗತಿದ್ರು. ಒಂದು ಎಡಗಡೇದ್ರಾಗೆ ಕೇಳಿದ್ರೆ ಸೌಂಡ್ ಏರಿಸ್ಬೇಕಾಗ್ತೈತೆ. ಉಳಿದಿರೋ ಒಂದು ಕಿವೀನೂ ಕೆಡಿಸ್ಕಳ್ಳಾಕೆ ನಂಗೆ ಇಷ್ಟ ಇಲ್ಲ.

— ಸರಿಯಾಗಿ ಹೇಳಿದ್ರಿ. ಎರಡೂ ಕಿವೀಲಿ ಕೇಳಿದ್ರೆ ಅದೇ ಸದ್ದು ಜೋರಾಗಿ ಕೇಳಿಸುತ್ತೆ, ಹಂಗಾಗಿ ಕಡಿಮೆ ಇಟ್ಟರೂ ಸಾಕು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ ಏನಂದ್ರೆ ದೊಡ್ಡವರು 80 ಡೆಸಿಬೆಲ್ ಸದ್ದನ್ನ ವಾರಕ್ಕೆ 40 ಗಂಟೆಗಿಂತ ಹೆಚ್ಚು ಕೇಳಬಾರದು. ಅದಕ್ಕಿಂತ ಜೋರಾದಷ್ಟೂ ಗಂಟೆ ಬೇಗ ಬೇಗ ಇಳಿಯುತ್ತೆ. ಬೆಳಿಗ್ಗೆ ಏನ್ ಕೇಳ್ತೀರಿ?

— ಹೊಳೆ ಕಡೆ ವಾಕಿಂಗ್ ಹೋಗ್ತೀನಿ. ಆಕಾಶವಾಣಿ ಹಾಕ್ಕಂತೀನಿ. ಹಿಂದಿನ ಫೋನಿನಾಗೆ ಎಫ್‌ಎಂ ಬರ್ತಿತ್ತು, ಡೇಟಾ ಬೇಕಿರಲಿಲ್ಲ. ಇದ್ರಾಗೆ ನೆಟ್ಟಲ್ಲೇ ಕೇಳ್ಬೇಕು.

— ಅದಕ್ಕೂ ಕಾರಣ ವೈರೇ. ಫೋನಿನ ಎಫ್‌ಎಂಗೆ ಬೇರೆ ಏರಿಯಲ್ ಇರ್ತಿರಲಿಲ್ಲ. ಇಯರ್‌ಫೋನಿನ ವೈರೇ ಏರಿಯಲ್. ವೈರ್ ಹೋಯ್ತು, ಅದರ ಜೊತೆಗೆ ಏರಿಯಲ್ಲೂ ಹೋಯ್ತು.

— ಎಡ-ಬಲ ಬೇರೆ ಆಗೋ ರೋಗಾನೂ ವೈರಿನಾಗೆ ಇರಲಿಲ್ಲ.

— ಇರಲಿಲ್ಲ. ಆದ್ರೆ ಜಾಕ್ ಹತ್ತಿರ ವೈರ್ ತುಂಡಾಗಿ ಒಂದು ಕಿವಿ ಸುಮ್ನಾಗ್ತಿತ್ತು, ನೆನಪಿದೆಯಾ? ಬೆಸುಗೆ ಹಾಕಿ ಕೊಡ್ತಿದ್ವಿ. ಅದು ಕಣ್ಣಿಗೆ ಕಾಣೋ ಜೋಡಣೆ, ಇದು ಕಾಣದ ಜೋಡಣೆ. ಹೊಸ ಬ್ಲೂಟೂತ್ ಬರ್ತಿದೆ. 2019ರ ಡಿಸೆಂಬರ್ ಕೊನೇಲಿ 5.2 ಅನ್ನೋ ಆವೃತ್ತಿ ಬಂತು. ಅದರ ಮೇಲೆ ಕಟ್ಟಿದ ಎಲ್‌ಇ ಆಡಿಯೊದಲ್ಲಿ ಫೋನೇ ಎಡಕ್ಕೊಂದು ಬಲಕ್ಕೊಂದು ಬೇರೆ ಬೇರೆ ಹೊಳೆ ಕಳಿಸುತ್ತೆ, ಎರಡಕ್ಕೂ ಕಾಲ ಹೊಂದಿಸಿ. ಒಂದನ್ನ ಇನ್ನೊಂದು ಆಲಿಸೋ ಕಷ್ಟ ಇಲ್ಲ. ಆದ್ರೂ ಇವೆರಡೂ ಒಂದೇ ಜೋಡಿಯವು ಅನ್ನೋ ಗುರುತು ಅಲ್ಲೂ ಬೇಕು. ಫೋನು, ಬಡ್ಸು ಎರಡೂ ಅದಕ್ಕೆ ಒಗ್ಗಿದವಾಗಿರಬೇಕು, ನಿಮ್ಮವು ಹಳೇ ಬಗೆಯವು. ತುಂಬ್ತು ನೋಡ್ರಿ ಚಾರ್ಜು. ಈಗ ಶುರು ಮಾಡೋಣ. ಫೋನ್ ನೀವೇ ಹಿಡೀರಿ, ನಾನು ಹೇಳ್ತೀನಿ.

— ಹೇಳು.

— ಎಲ್ ಹೆಸರಿನ ಪಕ್ಕದ ಗುರುತು ಒತ್ತಿ, ಫರ್ಗೆಟ್ ಅಂತ ಬರುತ್ತೆ, ಕೊಡ್ರಿ. ಆರ್‌ಗೂ ಹಂಗೇ. ಎರಡೂ ಹೋದ್ವಾ? ಈಗ ಬ್ಲೂಟೂತ್ ಆಫ್ ಮಾಡ್ರಿ. ನನ್ನ ಫೋನಿಂದೂ ಆಫ್ ಮಾಡ್ತೀನಿ, ಆ ಲ್ಯಾಪ್‌ಟಾಪಿಂದೂ. ಹುಡುಕೋ ಹೊತ್ತಿನಲ್ಲಿ ಬೇರೆ ಯಾರೂ ಇವನ್ನ ಕರೀಬಾರದು.

— ಮಾಡಿದೆ.

— ಈಗ ಎರಡನ್ನೂ ಹೊರಗೆ ತೆಗೆದು ಎರಡರ ಮೇಲೂ ಒಟ್ಟಿಗೆ ಬೆರಳಿಟ್ಟು ಒತ್ತಿ ಹಿಡೀರಿ. ಮಾದರಿಗೊಂದು ಥರ ಇರುತ್ತೆ. ಕೆಲವನ್ನ ಕೇಸಿನಲ್ಲೇ ಇಟ್ಟು ಮುಚ್ಚಳ ತೆಗೆದು ಒತ್ತಬೇಕು, ಕೆಲವಕ್ಕೆ ಕೇಸಿನ ಹಿಂದೆ ಗುಂಡಿ ಇರುತ್ತೆ, ಕೆಲವನ್ನ ಮೇಲಿಂದ ಮೇಲೆ ತಟ್ಟಬೇಕು. ನಿಮ್ಮದಕ್ಕೆ ಒತ್ತಿ ಹಿಡಿಯೋದು. ಬಿಡಬೇಡ್ರಿ. ಮೊದಲು ಬಿಳಿ ಮಿಣುಕು, ಆಮೇಲೆ ಕೆಂಪು ಬರುತ್ತೆ.

— ಕೆಂಪು ಬಂತು. ಎರಡ್ರಾಗೂ ಬಂತು.

— ಬಿಡ್ರಿ. ಹಳೇ ನೆನಪೆಲ್ಲ ಅಳಿಸಿಹೋಯ್ತು. ಎರಡನ್ನೂ ಕೇಸಿನಲ್ಲಿಟ್ಟು ಮುಚ್ಚಳ ಹಾಕ್ರಿ. ಸ್ವಲ್ಪ ಹೊತ್ತು ಬಿಡೋಣ. ಈ ಹಂತದಲ್ಲೇ ಜನ ಅವಸರ ಮಾಡೋದು.

— ಲೆವೆಲ್ ಇಟ್ಟಮೇಲೆ ಗುಳ್ಳೆ ನಿಲ್ಲೋತಂಕ ಕಾಯಬೇಕು. ಅವಸರ ಯಾಕೆ?

— ಈಗ ಎರಡನ್ನೂ ಒಟ್ಟಿಗೆ ತೆಗೀರಿ. ಒಂದಾದ್ಮೇಲೆ ಒಂದಲ್ಲ, ಒಟ್ಟಿಗೆ. ಮೇಜಿನ ಮೇಲೆ ಹತ್ತಿರ ಇಡ್ರಿ. ಫೋನ್ ಮುಟ್ಟಬೇಡ್ರಿ. ಎರಡೂ ಮಿಣುಕ್ತಾ ಇವೆ ಅಲ್ವಾ? ಒಂದನ್ನೊಂದು ಹುಡುಕ್ತಿವೆ.

— ಬಲಗಡೇದು ಮಿಣುಕೋದು ನಿಂತೋಯ್ತು! ಎಡಗಡೇದು ಒಂದೇ ಮಿಣುಕ್ತೈತೆ.

— ಅದೇ ಬೇಕಾಗಿದ್ದು. ಬಲಗಡೆದಕ್ಕೆ ಎಡಗಡೆದು ಸಿಕ್ತು, ಹಂಗಾಗಿ ಅದು ಸುಮ್ನಾಯ್ತು. ಈಗ ಹೊರಗೆ ಹೆಸರು ಹೇಳ್ಕೊಳ್ಳೋದು ಎಡಗಡೆದು ಒಂದೇ, ಇಬ್ಬರ ಪರವಾಗಿ. ಎರಡೂ ಮಿಣುಕ್ತಾನೇ ಇದ್ದಿದ್ರೆ ಫೋನಿಗೆ ಜೋಡಿಸೋದೇ ಬೇಡ, ಮತ್ತೆ ಕೇಸಿಗೆ ಹಾಕಿ ಮೊದಲಿಂದ. ಈಗ ಬ್ಲೂಟೂತ್ ಆನ್ ಮಾಡ್ರಿ. ಎಷ್ಟು ಹೆಸರು ಬಂತು?

— ಒಂದೇ. ಕೊನೆಗೆ ಎಲ್ ಅಂತಾನೂ ಇಲ್ಲ, ಆರ್ ಅಂತಾನೂ ಇಲ್ಲ.

— ಒತ್ತಿ, ಕಿವಿಗೆ ಹಾಕ್ಕೊಳ್ರಿ.

— ಎರಡೂ ಬಂತು. ಬಂತವ್ವ! ಆದ್ರೆ ಬಲಗಡೆ ಸಣ್ಣಕೈತೆ. ನನ್ನ ಕಿವಿ ಮಂದ ಇರೋದಕ್ಕೋ, ಇದಕ್ಕೇ ಹಿಂಗೋ?

— ಅದಲು ಬದಲು ಮಾಡಿ ನೋಡೋಣ. ಬಲಗಡೆದನ್ನ ನಿಮ್ಮ ಎಡಗಿವಿ ಹತ್ತಿರ ಹಿಡೀರಿ.

— ಅಲ್ಲೂ ಸಣ್ಣಕೇ ಐತೆ.

— ಹಂಗಾದ್ರೆ ಕಿವಿ ಅಲ್ಲ. ಜಾಲರಿ ಈಗ ತಾನೇ ಒರೆಸಿದೀನಿ. ಸೆಟ್ಟಿಂಗ್ಸ್‌ನಲ್ಲಿ ಆಕ್ಸೆಸಿಬಿಲಿಟಿ ಒಳಗೆ ಬ್ಯಾಲೆನ್ಸ್ ನೋಡೋಣ. ಇದೋ, ಚುಕ್ಕಿ ಎಡಕ್ಕೆ ಸರಿದಿದೆ. ಯಾರೋ ಎಳೆದಿದ್ದಾರೆ. ನಡುವಿಗೆ ತರ್ತೀನಿ. ಎಷ್ಟೋ ಸಲ ಪೇರಿಂಗ್ ಕೆಟ್ಟಿದೆ ಅಂತ ತಂದಿರೋ ಜೋಡೀಲಿ ಕೆಟ್ಟಿರೋದು ಇದೊಂದೇ. ನಿಮಗೆ ಬಲಗಿವಿ ಮಂದ ಅಂದ್ರಲ್ಲ, ಚುಕ್ಕಿಯನ್ನ ಒಂಚೂರು ಬಲಕ್ಕೆ ಬೇಕಾದ್ರೂ ಇಡಬಹುದು. ಮುಂದೆ ಯಾವತ್ತಾದ್ರೂ ಒಂದೇ ಕಿವೀಲಿ ಕೇಳೋದಾದ್ರೆ ಇಲ್ಲೇ ಮೊನೋ ಆಡಿಯೊ ಅಂತ ಇದೆ, ಆನ್ ಮಾಡ್ಕೊಳ್ರಿ. ಎಡ-ಬಲ ಎರಡೂ ಸೇರಿ ಒಂದರಲ್ಲೇ ಬರುತ್ತೆ, ಹಾಡಿನಲ್ಲಿ ಒಂದು ವಾದ್ಯಾನೂ ತಪ್ಪಲ್ಲ.

— ನಡುವೆ ಇರಲಿ. ಈಗ ಸರಿಯಾಗೈತೆ. ಒಂದು ಕಾಗದ ಕೊಡು, ನೀನು ಹೇಳಿದ್ದನ್ನ ಬರ್ಕಂತೀನಿ. ಮೊದಲು ಒರೆಸೋದು, ಆಮೇಲೆ ಪೂರಾ ಚಾರ್ಜು. ಫೋನಿನಾಗೆ ಹೆಸರು ಅಳಿಸೋದು. ಬ್ಲೂಟೂತ್ ಆಫು. ಎರಡೂ ಒತ್ತಿ ಹಿಡಿಯೋದು, ಕೇಸಿಗೆ ಹಾಕೋದು, ಒಟ್ಟಿಗೆ ತೆಗೆಯೋದು. ಒಂದು ಸುಮ್ಕಾಗೋತಂಕ ಫೋನ್ ಮುಟ್ಟಂಗಿಲ್ಲ. ಸರಿ ಐತಾ? ನಮ್ಮ ಓಣ್ಯಾಗೆ ಇನ್ನೂ ಮೂರ್ನಾಲ್ಕು ಮನೇಲಿ ಒಂದು ಕಿವೀದು ಕೆಟ್ಟೈತೆ ಅಂತ ಮೂಲೆಗೆ ಇಟ್ಟೋರು ಅದಾರೆ.

— ಸರಿ ಇದೆ. ಕೊನೆಗೆ ಇನ್ನೊಂದು ಸಾಲು ಸೇರಿಸ್ರಿ: ಪಟ್ಟೀಲಿ ಎರಡು ಹೆಸರು ಕಂಡ್ರೆ ಎರಡನ್ನೂ ಒತ್ತಬಾರದು. ಮತ್ತೆ ಅವರ ಮಾದರಿಗೆ ಒತ್ತೋದು ಬೇರೆ ಥರ ಇರಬಹುದು, ನಂಗೆ ಫೋನ್ ಮಾಡೋಕೆ ಹೇಳ್ರಿ, ದುಡ್ಡೇನೂ ಬೇಡ. ಗ್ಯಾರಂಟಿ ಮುಗಿದಿಲ್ಲ ಅಂದ್ರೆ ಕಂಪನಿಯ ಸರ್ವಿಸ್ ಸೆಂಟರಿಗೇ ಮೊದಲು ಹೋಗ್ಲಿ. ಅಲ್ಲಿ ಸತಾಯಿಸಿದ್ರೆ 1915, ಗ್ರಾಹಕರ ಸಹಾಯವಾಣಿ.

— ಬರ್ಕಂಡೆ. ಹಂಗಾದ್ರೆ ಬರ್ತೀನಿ.

— ತಡೀರಿ ದೊಡ್ಡಪ್ಪ. ಮೊಮ್ಮಗ ಆಡ್ತಿದ್ದ ಆ ಹಳೇ ಫೋನ್ ಎಲ್ಲಿದೆ?

— ಮನೇಲಿ ಐತೆ, ಸೊಸೆ ಅಡುಗೆ ವಿಡಿಯೊ ನೋಡಾಕೆ ಇಟ್ಕಂಡಾಳೆ. ಈಗ್ಲೇ ಫೋನ್ ಮಾಡಿ ಅದರ ಬ್ಲೂಟೂತ್ ಆಫ್ ಮಾಡಿಸ್ತೀನಿ.

— ಆಫ್ ಮಾಡಿದ್ರೆ ಸಾಲದು, ನಾಳೆ ಯಾರೋ ಆನ್ ಮಾಡ್ತಾರೆ, ಹಳೇ ಹೆಸರು ಕಂಡು ಒತ್ತುತಾರೆ. ಅದರಲ್ಲೂ ಹೆಸರೇ ಅಳಿಸೋಕೆ ಹೇಳ್ರಿ. ನೀವು ಮನೆ ಮುಟ್ಟೋಕೆ ಮುಂಚೇನೇ.